ಎರಡು ಬಲ್ಬ್, ಎರಡು ಬಟನ್, ಎಲ್ಲಾ ಒಂದ ಸೀರೀಸ್‌ನ್ಯಾಗ, ಆದ್ರೂ ಬ್ಯಾರೆ ಬ್ಯಾರೆ ಹತ್ತತಾವ, ಹೆಂಗ್ರಿ?

ಘಟಪ್ರಭಾ_ಹುಡುಗ

ನಮಸ್ಕಾರ್ರಿ ಎಲ್ಲಾರಿಗೂ. ಬಾಗಲಕೋಟಿ ನವನಗರದಾಗ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನ ನಡದೈತಿ, ನಿನ್ನೆ ಹೋಗಿದ್ದೆ. ಅಲ್ಲಿ ಒಬ್ಬ ಡಿಪ್ಲೊಮಾ ಹುಡುಗ ಒಂದು ಬೋರ್ಡ್ ಇಟ್ಕೊಂಡು ಕುಂತಿದ್ದ, ಅದನ್ನ ನೋಡಿದಾಗಿಂದ ತಲಿ ಕೆಟ್ಟು ಹೋಗೇತಿ. ಪ್ಲೈವುಡ್ ಹಲಗಿ, ಮ್ಯಾಲೆ ಎರಡು ಪಿನ್ ಹೋಲ್ಡರ್, ಅದರಾಗ 12 ವೋಲ್ಟಿನ ಹಳೇ ತಂತಿ ಬಲ್ಬ್ ಎರಡು, ಒಂದಕ್ಕ ಕೆಂಪು ಬಣ್ಣ ಒಂದಕ್ಕ ಹಸಿರು ಬಣ್ಣ ಬಳದಾನ. ಎರಡು ಪಿಯಾನೊ ಸ್ವಿಚ್, ಒಂದು ಕೆಂಪು ಒಂದು ಹಸಿರು. ಬರೇ ತಾಮ್ರದ ತಂತಿ, ಮೊಳಿ ಹೊಡದು ಎಳದಾನ, ಎಲ್ಲಾ ಕಣ್ಣಿಗೆ ಕಾಣತೈತಿ: ಕರಿ ಡಬ್ಬಿಯಿಂದ ಹೊರಟು ಕೆಂಪು ಬಟನ್, ಅಲ್ಲಿಂದ ಹಸಿರು ಬಟನ್, ಅಲ್ಲಿಂದ ಕೆಂಪು ಬಲ್ಬ್, ಹಸಿರು ಬಲ್ಬ್, ವಾಪಸ್ ಡಬ್ಬಿ. ಅಷ್ಟ. ಬ್ಯಾರೆ ತಂತೀನ ಇಲ್ಲ.

ಈಗ ಕೇಳ್ರಿ. ಕೆಂಪು ಬಟನ್ ಹಾಕಿದ್ರ ಕೆಂಪು ಬಲ್ಬ್ ಅಷ್ಟ ಹತ್ತತೈತಿ. ಹಸಿರು ಬಟನ್ ಹಾಕಿದ್ರ ಹಸಿರು ಅಷ್ಟ. ಎರಡೂ ಹಾಕಿದ್ರ ಎರಡೂ. ಸೀರೀಸ್ ಅಂದಮ್ಯಾಲೆ ಒಂದು ಬಟನ್ ಬಂದ್ ಇದ್ರ ಎಲ್ಲಾ ಬಂದ್ ಆಗ್ಬೇಕಲ್ರಿ?

ಇನ್ನೂ ಐತಿ. ಆ ಹುಡುಗ ಬಲ್ಬ್ ಎರಡೂ ಬಿಚ್ಚಿ ಅದಲು ಬದಲು ಹಾಕಿದ. ಆಗ್ಲೂ ಕೆಂಪು ಬಟನ್‌ಗೆ ಕೆಂಪು ಬಲ್ಬೇ ಹತ್ತಿತು, ಅದು ಇದ್ದ ಜಾಗಾ ಬ್ಯಾರೆ ಆದ್ರೂ! ಬಟನ್‌ಗೆ ಬಣ್ಣ ಹೆಂಗ್ರಿ ಗೊತ್ತಾಗತೈತಿ? ಮತ್ತ ಒಂದು ಬಲ್ಬ್ ಪೂರ್ತಿ ಬಿಚ್ಚಿ ಕೈಯಾಗ ಹಿಡಕೊಂಡ್ರ ಇನ್ನೊಂದೂ ಆರತೈತಿ. ಅಂದ್ರ ಸೀರೀಸ್ ಖರೇನ ಐತಿ ಅಂತಾತು.

ಹೇಳಪಾ ಅಂದ್ರ ನಗತಾನ. "ಪ್ರದರ್ಶನ ಮುಗಿಯೂತನಕ ವಿಚಾರ ಮಾಡ್ರಿ ಅಣ್ಣಾರ" ಅಂತಾನ.

ಯಾಕ_ಹಿಂಗ

ಹಲಗಿ ಒಳಗ ತಂತಿ ಐತಿ, ಮುಗೀತು. ಎರಡು ಪ್ಲೈ ನಡುವ ಗೀರು ಹಾಕಿ ತಂತಿ ಕೂರಿಸಿ ಅಂಟಿಸಿದ್ರ ಯಾರಪ್ಪಗೂ ಗೊತ್ತಾಗಂಗಿಲ್ಲ. ಇಲ್ಲಾ ಮೇಜಿನ ಕೆಳಗ ರಿಮೋಟ್ ಹಿಡಕೊಂಡು ಯಾರೋ ಕುಂತಿರತಾರ. ಈಗಿನ ಹುಡುಗ್ರು ಒಂದು ಸಣ್ಣ ಚಿಪ್ ಹಾಕಿ ಏನ್ ಬೇಕಾದ್ದು ಮಾಡತಾರ್ರಿ.

ಘಟಪ್ರಭಾ_ಹುಡುಗ

ಹಲಗಿ ಹಿಂದ ಮುಂದ ತಿರುವಿ ನೋಡೀನ್ರಿ, ತೆಳ್ಳಗ ಐತಿ, ಒಂದ ಪ್ಲೈ. ಬಟನ್ ನಾನ ಒತ್ತೀನಿ, ರಿಮೋಟ್ ಇದ್ದಾಂವಗ ನಾ ಯಾವ ಬಟನ್ ಒತ್ತತೀನಿ ಅಂತ ಅಷ್ಟು ಜಲ್ದಿ ಹೆಂಗ ಗೊತ್ತಾಗ್ಬೇಕು.

ವೈರಿಂಗ್_ಮಾಮಾ

ತಮ್ಮಾ, ನಾ ವಿಜಯಪುರದಾಗ ಮನಿ ವೈರಿಂಗ್ ಮಾಡಾಂವ. ಸೀರೀಸ್ ಅಂದ್ರ ಏನು ಅಂತ ನನಗ ಹೇಳ್ಬ್ಯಾಡ, ಗಣಪತಿ ಹಬ್ಬದಾಗ ಸೀರಿಯಲ್ ಸೆಟ್ ರಿಪೇರಿ ಮಾಡಿ ಮಾಡಿ ಬೆರಳು ಸವದಾವ. ಆದ್ರ ಒಂದು ಮಾತು, ನೀ ಬಲ್ಬ್, ಬಟನ್ ಎಲ್ಲಾ ಹೇಳಿದಿ, ಆ ಕರಿ ಡಬ್ಬಿ ಏನಂತ ಹೇಳಲಿಲ್ಲ. ಅದರಾಗಿಂದ ಬರೋದು ಎಸಿ ಏನು ಡಿಸಿ ಏನು? ಅದರ ಮ್ಯಾಲೆ ಏನ್ ಬರದೈತಿ ನೋಡಿ ಹೇಳು, ಆಮ್ಯಾಲೆ ಮಾತಾಡೋಣು.

ಘಟಪ್ರಭಾ_ಹುಡುಗ

ಮಾಮಾ, ಫೋಟೊ ಝೂಮ್ ಮಾಡಿ ನೋಡಿದೆ. 230 ವೋಲ್ಟ್, ಆಮ್ಯಾಲೆ 9-0-9, 2 ಆಂಪ್ ಅಂತ ಐತಿ. ಮೂರು ವೈರ್ ಹೊರಗ ಬಂದಾವ, ನಡುವಿಂದಕ್ಕ ಟೇಪ್ ಸುತ್ತಿ ಬಿಟ್ಟಾನ, ಆಚೆ ಈಚೆ ಎರಡು ಬೋರ್ಡಿಗೆ ಹೋಗ್ಯಾವ.

ವೈರಿಂಗ್_ಮಾಮಾ

ಹಂಗಾರ ಅದು ಬರೇ ಟ್ರಾನ್ಸ್‌ಫಾರ್ಮರ್, ಅಡಾಪ್ಟರ್ ಅಲ್ಲ. ಎಸಿ ಬರತೈತಿ, ಆಚೆ ಈಚೆ ಎರಡು ವೈರ್ ತಗೊಂಡ್ರ 9 ಮತ್ತ 9 ಕೂಡಿ 18 ವೋಲ್ಟ್. 12 ವೋಲ್ಟಿನ ಬಲ್ಬಿಗೆ 18 ಯಾಕ ಕೊಟ್ಟಾನ ಇಂವ? ಸುಟ್ಟ ಹೋಗ್ಬೇಕಿತ್ತಲ್ಲ. ಎರಡು ಸೀರೀಸ್ ಅಂದ್ರ ಒಂದೊಂದಕ್ಕ 9 ಬರತೈತಿ, ಅದು ಸರಿ, ಆದ್ರ ಒಂದ ಹತ್ತಿದಾಗ ಪೂರ್ತಿ 18 ಅದರ ಮ್ಯಾಲೆ ಬೀಳ್ಬೇಕು. ಇಲ್ಲೇ ಏನೋ ಐತಿ.

ಲ್ಯಾಬ್_ಅಕ್ಕ

ಮಾಮಾ ಸರಿಯಾದ ಎಳಿ ಹಿಡದಾರ. ನಾ ಬೆಳಗಾವಿಯಾಗ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡ್ಕೊಳ್ಳಾಕಿ, ಈ ಆಟ ನನಗ ಗೊತ್ತೈತಿ, ಅದಕ್ಕ ಪೂರ್ತಿ ಹೇಳಂಗಿಲ್ಲ, ಹೇಳಿದ್ರ ಮಜಾ ಹೋಗತೈತಿ. ಆದ್ರ ಎರಡು ಪ್ರಶ್ನೆ ಕೇಳತೀನಿ.

ಒಂದು, ಬಲ್ಬ್ ಹತ್ತಿದಾಗ ಬೆಳಕು ನಿಂತಿತ್ತೇನು, ಸ್ವಲ್ಪ ಪಟಪಟ ಅಂತಿತ್ತೇನು? ನಿಮ್ಮ ಮೊಬೈಲ್‌ನ್ಯಾಗ ಸ್ಲೋ ಮೋಷನ್ ಇದ್ರ ಎರಡೂ ಬಲ್ಬ್ ಹತ್ತಿಸಿ ಒಂದು ವಿಡಿಯೊ ತಗೀರಿ. ನಮ್ಮ ಎಸಿ ಒಂದು ಸೆಕೆಂಡಿಗೆ 50 ಸುತ್ತು, ಒಂದು ಸುತ್ತಿಗೆ 20 ಮಿಲಿಸೆಕೆಂಡ್, ಅದರಾಗ ಅರ್ಧ ಹೊತ್ತು ಕರೆಂಟು ಒಂದು ಕಡೆಗೆ, ಇನ್ನರ್ಧ ಹೊತ್ತು ಉಲ್ಟಾ ಕಡೆಗೆ. ಸ್ಲೋ ಮೋಷನ್‌ನ್ಯಾಗ ಸೆಕೆಂಡಿಗೆ 240 ಫ್ರೇಮ್ ಸಿಕ್ರ ಒಂದು ಸುತ್ತಿಗೆ ಐದು ಫ್ರೇಮ್ ಹತ್ರ ಬರತಾವ, ಸಾಕು.

ಎರಡು, ಬಲ್ಬ್ ಅದಲು ಬದಲು ಮಾಡುವಾಗ ಆ ಹುಡುಗ ಏನರೆ ನೋಡಿ ನೋಡಿ ಹಾಕ್ತಿದ್ನೇನು?

ಘಟಪ್ರಭಾ_ಹುಡುಗ

ಅಕ್ಕಾರ, ನೀವು ಅಲ್ಲೇ ನಿಂತು ನೋಡಿದಂಗ ಕೇಳತೀರಲ್ರಿ! ಹೌದು, ಬಲ್ಬಿನ ಹಿತ್ತಾಳಿ ಟೋಪಿ ಮ್ಯಾಲೆ ನೇಲ್ ಪಾಲಿಶ್‌ದು ಒಂದು ಗುಲಾಬಿ ಚುಕ್ಕಿ ಐತಿ, ಆ ಚುಕ್ಕಿ ಮ್ಯಾಲ್ಮುಖ ಆಗೂಹಂಗ ನೋಡಿ ಹಾಕ್ತಿದ್ದ. ಟೋಪಿ ಮತ್ತ ಗಾಜು ಕೂಡೋ ಕಡೆ ಬೂದಿ ಬಣ್ಣದ್ದು ಏನೋ ಮೆತ್ತಿದಂಗಿತ್ತು, ಎಂ-ಸೀಲ್ ಇರ್ಬೇಕು.

ಸ್ಲೋ ಮೋಷನ್ ಇವತ್ತು ತಗೊಂಡೆ. ಏನ್ ಹೇಳ್ಲಿರಿ, ಕೆಂಪು ಹಸಿರು ಎರಡೂ ಒಮ್ಮೆಲೆ ಹತ್ತಂಗಿಲ್ಲ! ಒಂದು ಏರತೈತಿ ಇನ್ನೊಂದು ಇಳಿತೈತಿ, ಪೂರ್ತಿ ಆರಂಗಿಲ್ಲ ಆದ್ರ ಸರತಿ ಪ್ರಕಾರ ಉಸಿರಾಡಿದಂಗ ಮಾಡತಾವ. ಬರಿಗಣ್ಣಿಗೆ ಎರಡೂ ನೆಟ್ಟಗ ಹತ್ತಿದಂಗ ಕಾಣತಾವ.

ಮತ್ತ ಇನ್ನೊಂದು ಆತು ಇವತ್ತು. ಒಬ್ಬ ಸಣ್ಣ ಹುಡುಗ ಕೆಂಪು ಬಲ್ಬ್ ಬಿಚ್ಚಿ ಚುಕ್ಕಿ ನೋಡದ ಹಾಕಿಬಿಟ್ಟ, ಚುಕ್ಕಿ ಕೆಳಗಾತು. ಹಸಿರು ಬಟನ್ ಒತ್ತಿದ್ರ ಎರಡೂ ಬಲ್ಬ್ ಮಿಣಮಿಣ ಅಂದ್ವು, ಭಾಳ ಮಂದ. ಆಮ್ಯಾಲೆ ಆ ಹುಡುಗ ಕೆಂಪು ಬಟನ್ ಒತ್ತಿದ್ದ ತಡ, ಡಬ್ಬಿ ಗುರ್ರ್ ಅಂತ ಸಪ್ಪಳ ಮಾಡಿತು, ಬೋರ್ಡಿನವ ಓಡಿ ಬಂದು ಪ್ಲಗ್ ಕಿತ್ತ. ಮಾರಿ ಬೆಳ್ಳಗಾಗಿತ್ತು ಅವಂದು.

ಕಬ್ಬಿನಗದ್ದಿ

ನಾ ಮುಧೋಳ ಕಡೆಯಾಂವ, ಓದಿದ್ದು ಬಿ.ಎ., ಕರೆಂಟು ಅಂದ್ರ ಪಂಪ್‌ಸೆಟ್ ಅಷ್ಟ ಗೊತ್ತು. ಆದ್ರ ಎರಡು ಬಲ್ಬ್ ಸರತಿ ಪ್ರಕಾರ ಹತ್ತತಾವ ಅಂದ್ರ, ಒಂದು ಹೋಗೋ ಕರೆಂಟಿಗೆ ಹತ್ತತೈತಿ ಇನ್ನೊಂದು ಬರೋ ಕರೆಂಟಿಗೆ ಹತ್ತತೈತಿ ಅಂತ ಅಲ್ಲೇನ್ರಿ? ಬೋರ್ ಪೈಪಿಗೆ ಎನ್‌ಆರ್‌ವಿ ಹಾಕತೀವಲ್ಲ, ನೀರು ಮ್ಯಾಲೆ ಹೋಗ್ಲಿ, ಕೆಳಗ ಬರಬಾರದು ಅಂತ. ಕರೆಂಟಿಗೂ ಅಂಥಾದ್ದು ಇರತೈತಲ್ಲ, ಡಯೋಡ್. ಬಲ್ಬಿನ ಟೋಪಿ ಒಳಗ ಅದನ್ನ ಇಟ್ಟು ಎಂ-ಸೀಲ್ ಮೆತ್ತಿರ್ಬೇಕು ಅಂವ.

ಲ್ಯಾಬ್_ಅಕ್ಕ

ಬಿ.ಎ. ಅಣ್ಣಾರು ನಮ್ಮ ಬಿ.ಇ. ಹುಡುಗ್ರಕಿಂತ ಜಲ್ದಿ ಹಿಡದ್ರು. ಮುಂದುವರೀರಿ. ಡಯೋಡ್ ಬಲ್ಬಿಗೆ ಸೀರೀಸ್‌ನ್ಯಾಗ ಐತೋ ಪ್ಯಾರಲಲ್‌ನ್ಯಾಗೋ?

ಕಬ್ಬಿನಗದ್ದಿ

ಸೀರೀಸ್‌ನ್ಯಾಗ ಇದ್ರ ಒಂದು ಬಲ್ಬ್ ಹೋಗೋದನ್ನ ತಡೀತೈತಿ, ಇನ್ನೊಂದು ಬರೋದನ್ನ ತಡೀತೈತಿ, ಏನೂ ಹತ್ತಂಗಿಲ್ಲ. ಅದಕ್ಕ ಪ್ಯಾರಲಲ್. ಅಂದ್ರ ಒಂದು ಕಡೆ ಕರೆಂಟು ಬಂದ್ರ ಡಯೋಡ್ ದಾರಿ ಬಿಡತೈತಿ, ಕರೆಂಟು ಬಲ್ಬಿನ ತಂತಿಗೆ ಹೋಗದ ಬಗಲಿನಿಂದ ದಾಟಿ ಹೋಗತೈತಿ. ಉಲ್ಟಾ ಬಂದ್ರ ಡಯೋಡ್ ಬಂದ್, ತಂತಿ ಮ್ಯಾಲೇ ಹೋಗ್ಬೇಕು, ಬಲ್ಬ್ ಹತ್ತತೈತಿ. ಎರಡು ಬಲ್ಬಿನ ಡಯೋಡ್ ಒಂದಕ್ಕೊಂದು ಉಲ್ಟಾ.

ಆದ್ರ ಬಟನ್ ಹೆಂಗ ಅಂತ ತಿಳೀವಲ್ದು. ಬಟನ್ ತೆಗೆದಮ್ಯಾಲೆ ದಾರಿನ ಇಲ್ಲಲ್ಲ?

ವೈರಿಂಗ್_ಮಾಮಾ

ಬಟನ್‌ನ್ಯಾಗೂ ಅದ ಕಿತಾಪತಿ ಇರ್ಬೇಕು! ಪಿಯಾನೊ ಸ್ವಿಚ್ ಹಿಂದ ಎರಡು ಟರ್ಮಿನಲ್ ನಡುವ ಒಂದು 1ಎನ್4007 ಡಯೋಡ್ ಕೂರಿಸಿದ್ರ ಯಾರಿಗೂ ಕಾಣಂಗಿಲ್ಲ. ಬಟನ್ ಹಾಕಿದ್ರ ಎರಡೂ ಕಡೆ ಕರೆಂಟು ಹೋಗತೈತಿ, ತೆಗೆದ್ರ ಒಂದ ಕಡೆ ಹೋಗತೈತಿ. ಅಂದ್ರ ಆ ಬಟನ್ ಪೂರ್ತಿ ಬಂದ್ ಆಗೋದ ಇಲ್ಲ, ಅರ್ಧ ಬಂದ್ ಆಗತೈತಿ!

18 ವೋಲ್ಟ್ ಯಾಕ ಅನ್ನೋದೂ ಬಿಡಿಸಿತು ನೋಡ್ರಿ. ಒಂದು ಬಲ್ಬಿಗೆ ಅರ್ಧ ಸುತ್ತು ಅಷ್ಟ ಸಿಗತೈತಿ, ಅದಕ್ಕ ಜಾಸ್ತಿ ಕೊಟ್ಟಾನ.

ಯಾಕ_ಹಿಂಗ

ಒಂದು ನಿಮಿಷ. ಬಾಯಿಮಾತಿಲೆ ಎಲ್ಲಾರೂ ಡಯೋಡ್ ಇಡತೀರಿ. ನಾಲ್ಕೂ ಸ್ಥಿತಿ ಹೊಂದ್ತಾವೇನು ಬಿಡಿಸಿ ಹೇಳ್ರಿ, ಇಲ್ಲಾಂದ್ರ ನಾ ರಿಮೋಟ್ ಅಂತಾನ ಅಂತೀನಿ. ಮತ್ತ ಎರಡೂ ಬಟನ್ ತೆಗೆದಾಗ ಎರಡೂ ಆರಬೇಕಲ್ಲ, ಎರಡೂ ಅರ್ಧ ಬಂದ್ ಅಂದಮ್ಯಾಲೆ ಏನರೆ ಸೋರಬೇಕಿತ್ತು.

ತುಂಗಾತೀರ

ನಾನು ಶಿವಮೊಗ್ಗದವನು, ನಿಮ್ಮ ಭಾಷೆ ಓದೋಕೇ ಖುಷಿ. ಪೆನ್ನು ಹಿಡಿದು ಬರೆದು ನೋಡಿದೆ, ಕೂಡಿ ಬರುತ್ತೆ. ಕರೆಂಟು ಬಲಕ್ಕೆ ಹರಿಯೋದು, ಎಡಕ್ಕೆ ಹರಿಯೋದು ಅಂತ ಎರಡು ಸರತಿ ಇಟ್ಕೊಳ್ಳಿ. ಕೆಂಪು ಬಲ್ಬಿನ ಡಯೋಡ್ ಎಡಕ್ಕೆ ಬಿಡುತ್ತೆ, ಅಂದ್ರೆ ಕೆಂಪು ಹತ್ತಬೇಕಾದ್ರೆ ಕರೆಂಟು ಬಲಕ್ಕೆ ಹರಿಬೇಕು. ಹಸಿರು ಬಲ್ಬಿನದು ಬಲಕ್ಕೆ ಬಿಡುತ್ತೆ, ಹಸಿರು ಹತ್ತೋದು ಎಡಕ್ಕೆ ಹರಿಯುವಾಗ. ಈಗ ಕೆಂಪು ಸ್ವಿಚ್ಚಿನ ಡಯೋಡ್ ಕೂಡ ಎಡಕ್ಕೇ ಬಿಡೋ ಹಾಗೆ, ಹಸಿರು ಸ್ವಿಚ್ಚಿನದು ಬಲಕ್ಕೇ ಬಿಡೋ ಹಾಗೆ ಇಟ್ಟರೆ ಸಾಕು. ಒಂದೇ ಬಣ್ಣದ ಎರಡು ಡಯೋಡ್ ಒಂದೇ ಮುಖ.

ಕೆಂಪು ಸ್ವಿಚ್ ಆಫ್, ಹಸಿರು ಆನ್: ಬಲಕ್ಕೆ ಹೋಗೋಕೆ ಕೆಂಪು ಸ್ವಿಚ್ ಬಿಡಲ್ಲ, ಹಾಗಾಗಿ ಕೆಂಪು ಬಲ್ಬ್ ಸತ್ತಂಗೆ. ಎಡಕ್ಕೆ ಹೋಗೋದು ಎಲ್ಲಾ ದಾಟುತ್ತೆ, ಕೆಂಪು ಬಲ್ಬನ್ನ ಡಯೋಡ್ ಮೂಲಕ ದಾಟಿ ಹಸಿರಿನ ತಂತಿ ಮೇಲೆ ಹೋಗುತ್ತೆ, ಹಸಿರು ಹತ್ತಿತು. ಉಲ್ಟಾ ಮಾಡಿದ್ರೂ ಇದೇ ಲೆಕ್ಕ. ಎರಡೂ ಆನ್ ಆದ್ರೆ ಎರಡು ಸರತಿಯೂ ಓಡುತ್ತೆ. ಎರಡೂ ಆಫ್ ಆದ್ರೆ ಒಂದು ಸ್ವಿಚ್ಚು ಬಲಕ್ಕೆ ತಡೆಯುತ್ತೆ, ಇನ್ನೊಂದು ಎಡಕ್ಕೆ ತಡೆಯುತ್ತೆ, ಸೋರೋಕೆ ಜಾಗವೇ ಇಲ್ಲ.

ಬಲ್ಬ್ ಜಾಗ ಬದಲಾಯಿಸಿದ್ರೂ ಬಣ್ಣ ಬದಲಾಗಲ್ಲ ಯಾಕಂದ್ರೆ ಯಾವ ಸರತಿಗೆ ಹತ್ತಬೇಕು ಅನ್ನೋದು ಬಲ್ಬಿನ ಹೊಟ್ಟೆಯಲ್ಲೇ ಇದೆ, ಹೋಲ್ಡರ್‌ನಲ್ಲಿ ಇಲ್ಲ.

ಲ್ಯಾಬ್_ಅಕ್ಕ

ಅಷ್ಟೂ ಸರಿ. ಡಯೋಡ್ ಹೋಲ್ಡರ್‌ನ್ಯಾಗ ಇಲ್ಲ ಅನ್ನೋದಕ್ಕ ಇನ್ನೊಂದು ಸಾಕ್ಷಿ ಮೊದಲನೇ ಪೋಸ್ಟ್‌ನ್ಯಾಗೇ ಬಂದೈತಿ, ಒಂದು ಬಲ್ಬ್ ಬಿಚ್ಚಿದ್ರ ಇನ್ನೊಂದು ಆರಿತು. ಹೋಲ್ಡರ್‌ನ್ಯಾಗ ಇದ್ದಿದ್ರ ಬಲ್ಬ್ ಬಿಚ್ಚಿದ್ರೂ ಡಯೋಡ್ ಅಲ್ಲೇ ಉಳಿತಿತ್ತು, ಇನ್ನೊಂದು ಬಲ್ಬ್ ಹತ್ತತಾನ ಇರತಿತ್ತು. ಇದರ ಉಲ್ಟಾನೂ ಖರೇ, ಕೆಂಪು ಬಲ್ಬಿನ ತಂತಿ ಸುಟ್ಟು ಹೋದ್ರ, ಬಲ್ಬ್ ಬಿಚ್ಚದ ಹಂಗ ಬಿಟ್ರ, ಹಸಿರು ಆರಾಮ ಹತ್ತತೈತಿ. ಸೀರಿಯಲ್ ಸೆಟ್ ರಿಪೇರಿ ಮಾಡಿದ ಮಾಮಾಗ ಇದು ವಿಚಿತ್ರ ಅನಸ್ಬೇಕು.

ಯಾಕ_ಹಿಂಗ

ಕಾಗದದ ಮ್ಯಾಲೆ ಒಪ್ಪಿದೆ. ಆದ್ರ ಅದೇ ಪ್ರದರ್ಶನಕ್ಕ ನನ್ನ ಗೆಳೆಯಾನೂ ಹೋಗಿದ್ದ, ಮಲ್ಟಿಮೀಟರ್ ಒಯ್ದಿದ್ದ. ಬೋರ್ಡಿನವಂಗ ಕೇಳಿ ಕೆಂಪು ಬಲ್ಬ್ ಬಿಚ್ಚಿ ತಳದ ಎರಡು ಸೀಸದ ಚುಕ್ಕಿಗೆ ಪ್ರೋಬ್ ಹಿಡದ, ಪೀಂ ಅಂತು. ಪ್ರೋಬ್ ಅದಲು ಬದಲು ಮಾಡಿದ, ಮತ್ತ ಪೀಂ ಅಂತು. ಡಯೋಡ್ ಮೋಡಿಗೆ ಹಾಕಿದ್ರ ಎರಡೂ ಕಡೆ ಸೊನ್ನೆ ಹತ್ರ. ಡಯೋಡ್ ಇದ್ರ ಒಂದು ಕಡೆ ಅಷ್ಟ ತೋರಿಸ್ಬೇಕಲ್ಲ. ಈಗ ಹೇಳ್ರಿ.

ವೈರಿಂಗ್_ಮಾಮಾ

ಇದು ಖರೇ ಪ್ರಶ್ನೆ ಆತು ನೋಡು. ನನಗೂ ಹಂಗ ಅನಸ್ತು, ಮೀಟರ್ ಸುಳ್ಳು ಹೇಳಂಗಿಲ್ಲ.

ಲ್ಯಾಬ್_ಅಕ್ಕ

ಮೀಟರ್ ಸುಳ್ಳು ಹೇಳಂಗಿಲ್ಲ ಮಾಮಾ, ಆದ್ರ ನಾವು ಕೇಳಿದ್ದಕ್ಕ ಅಷ್ಟ ಉತ್ತರ ಕೊಡತೈತಿ. ಈ ಡೌಟ್ ನಮ್ಮ ಲ್ಯಾಬ್‌ನ್ಯಾಗೂ ಹುಡುಗ್ರು ಕೇಳತಾರ, ಸ್ವಲ್ಪ ಉದ್ದ ಬರೀತೀನಿ.

12 ವೋಲ್ಟ್ 5 ವ್ಯಾಟ್ ಬಲ್ಬ್ ಅಂತ ಹಿಡೀರಿ. ಹತ್ತಿದಾಗ ಅದರ ರೆಸಿಸ್ಟನ್ಸ್ ಸುಮಾರು 29 ಓಮ್, 12ರ ವರ್ಗ ಭಾಗಿಸು 5. ಆದ್ರ ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ರೆಸಿಸ್ಟನ್ಸ್ ಅದರ ಹತ್ತನೇ ಒಂದು ಭಾಗ ಹತ್ರ, ಅಂದ್ರ ಎರಡು ಮೂರು ಓಮ್. ಮಲ್ಟಿಮೀಟರ್ ಡಯೋಡ್ ಮೋಡ್‌ನ್ಯಾಗ ಕಳಿಸೋ ಕರೆಂಟು ಸುಮಾರು 1 ಮಿಲಿಆಂಪ್. 3 ಓಮ್ ಮ್ಯಾಲೆ 1 ಮಿಲಿಆಂಪ್ ಅಂದ್ರ 3 ಮಿಲಿವೋಲ್ಟ್. ಸಿಲಿಕಾನ್ ಡಯೋಡ್ ಬಾಯಿ ತೆರೀಬೇಕಂದ್ರ 0.6 ವೋಲ್ಟ್ ಹತ್ರ ಬೇಕು, ಅಂದ್ರ 600 ಮಿಲಿವೋಲ್ಟ್. ಮೂರು ಎಲ್ಲಿ ಆರ್ನೂರು ಎಲ್ಲಿ. ಡಯೋಡ್ ಅಲ್ಲೇ ಕುಂತೈತಿ, ಆದ್ರ ಅದನ್ನ ಎಬ್ಬಿಸೋವಷ್ಟು ವೋಲ್ಟೇಜ್ ಮೀಟರ್‌ಗೆ ತಂತಿ ಬಿಟ್ಟುಕೊಡಂಗಿಲ್ಲ. ಮೀಟರ್ ಬರೇ ತಂತಿ ನೋಡಿ ಪೀಂ ಅಂತೈತಿ. ಬಲ್ಬ್ ಒಡೀದ ಅದರ ಡಯೋಡನ್ನ ಮೀಟರ್‌ಲೆ ಹಿಡೀಲಿಕ್ಕೆ ಆಗಂಗಿಲ್ಲ ಅನ್ರಿ.

ಹಿಡೀಬೇಕಂದ್ರ ಬಟನ್ ಹತ್ರ ಹೋಗ್ರಿ. ತೆಗೆದ ಬಟನ್‌ಗೆ ಅಡ್ಡ ತಂತಿ ಇಲ್ಲ, ಡಯೋಡ್ ಒಂದ ಐತಿ. ಆದ್ರ ಅಳಿಯೋ ಮೊದ್ಲ ಪ್ಲಗ್ ತೆಗೀರಿ, ಎರಡೂ ಬಲ್ಬ್ ಬಿಚ್ಚಿರಿ. ಬಲ್ಬ್ ಇದ್ರ ಮೀಟರ್ ಕರೆಂಟು ಬಲ್ಬ್, ಟ್ರಾನ್ಸ್‌ಫಾರ್ಮರ್ ಎಲ್ಲಾ ಸುತ್ತಿ ಬಂದು, ಇನ್ನೊಂದು ಬಟನ್ ಹಾಕಿದ್ದಿದ್ರ ಮತ್ತ ಪೀಂ ಅಂತೈತಿ, ನೀವು ಮತ್ತ ಡಯೋಡ್ ಇಲ್ಲ ಅಂತೀರಿ.

ಇನ್ನೂ ಸಸ್ತಾ ದಾರಿ ಬೇಕಂದ್ರ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಅಲ್ಲಿ ಬೈಕಿನ 12 ವೋಲ್ಟ್ ಬ್ಯಾಟರಿ ಕೊಡ್ರಿ, ನಡುವ ಒಂದು ಇಂಡಿಕೇಟರ್ ಬಲ್ಬ್ ಸೀರೀಸ್‌ನ್ಯಾಗ ಇರಲಿ, ಏನರೆ ತಪ್ಪಿದ್ರೂ ಸುಡಂಗಿಲ್ಲ. ಎರಡೂ ಬಟನ್ ಹಾಕಿದ್ರೂ ಒಂದ ಬಲ್ಬ್ ಹತ್ತತೈತಿ. ಬ್ಯಾಟರಿ ಉಲ್ಟಾ ಮಾಡಿದ್ರ ಇನ್ನೊಂದು. ಅಲ್ಲಿಗೆ ಗುಟ್ಟು ಬಯಲು.

ಘಟಪ್ರಭಾ_ಹುಡುಗ

ಇವತ್ತು ಕಡೇ ದಿನ ಇತ್ತು, ಮೀಟರ್ ತಗೊಂಡ ಹೋಗಿದ್ದೆ. ಬಲ್ಬ್ ಎರಡೂ ಬಿಚ್ಚಿಸಿ ಕೆಂಪು ಬಟನ್ ತೆಗೆದು ಅಳದೆ. ಒಂದು ಕಡೆ 0.54 ತೋರಿಸ್ತು, ಪ್ರೋಬ್ ತಿರುವಿದ್ರ ಏನೂ ಇಲ್ಲ, ಓಪನ್. ಹಸಿರು ಬಟನ್‌ದು ಅದರ ಉಲ್ಟಾ ಕಡೆ. ಬೋರ್ಡಿನ ಹುಡುಗ "ಬಟನ್‌ನ್ಯಾಗ ಅಳೀರಿ ಅಂತ ಯಾರ ಹೇಳ್ಯಾರ್ರಿ ನಿಮಗ" ಅಂತ ಕೇಳಿದ, ಬೆಳಗಾವಿ ಅಕ್ಕಾರು ಅಂದೆ. ಆಮ್ಯಾಲೆ ಅವನ ಸ್ವಿಚ್ ಬಿಚ್ಚಿ ತೋರಿಸಿದ, ಕರಿ ಡಯೋಡ್, ಬೆಳ್ಳಿ ಪಟ್ಟಿ, ಟರ್ಮಿನಲ್ ನಡುವ ಅಡ್ಡ ಮಲಗೇತಿ. ಬಲ್ಬಿನದೂ ಅಷ್ಟ, ಸುಟ್ಟ ಒಂದು ಬಲ್ಬ್ ಒಡದು ಟೋಪಿ ಒಳಗ ಹೆಂಗ ಕೂರಿಸ್ಯಾನ ತೋರಿಸಿದ, ಎರಡು ಸೀಸದ ಚುಕ್ಕಿಗೆ ಹೋಗೋ ತಂತಿ ನಡುವ ಬೆಸುಗಿ ಮಾಡಿ ಎಂ-ಸೀಲ್ ತುಂಬ್ಯಾನ. ಕೈ ಭಾಳ ಚೊಕ್ಕ ಐತಿ ಹುಡುಗಂದು.

ಒಂದು ತಿಳೀಲಿಲ್ಲ. ಬಲ್ಬ್ ಉಲ್ಟಾ ಆದಾಗ ಡಬ್ಬಿ ಯಾಕ ಗುರ್ರ್ ಅಂತು? ಅಂವಗ ಕೇಳಿದ್ರ "ಶಾರ್ಟ್ ಆತು" ಅಂತ ಅಷ್ಟ ಹೇಳಿದ.

ಯಾಕ_ಹಿಂಗ

ರಿಮೋಟ್ ವಾಪಸ್ ತಗೊಂಡೀನಿ. ಇದಕ್ಕ ಉತ್ತರ ನಾ ಹೇಳತೀನಿ, ಬರದು ನೋಡೀನಿ.

ನಮ್ಮ ಪಿನ್ ಹೋಲ್ಡರ್ ಐತಲ್ಲ, ಅದರಾಗ ಬಲ್ಬ್ ಎರಡು ಥರ ಕೂಡತೈತಿ, ಅರ್ಧ ಸುತ್ತು ತಿರುವಿ ಹಾಕಿದ್ರೂ ಹೊಂದತೈತಿ. ಸಾದಾ ಬಲ್ಬಿಗೆ ಅದು ಲೆಕ್ಕಕ್ಕ ಇಲ್ಲ, ಆದ್ರ ಡಯೋಡ್ ಇದ್ದ ಬಲ್ಬಿಗೆ ಮುಖ ಉಲ್ಟಾ ಆಗತೈತಿ. ಅದಕ್ಕ ನೇಲ್ ಪಾಲಿಶ್ ಚುಕ್ಕಿ. ಕೆಂಪು ಬಲ್ಬ್ ಉಲ್ಟಾ ಕುಂತ್ರ ಎರಡೂ ಬಲ್ಬಿನ ಡಯೋಡ್ ಬಲಕ್ಕ ಮುಖ ಮಾಡ್ತಾವ. ಈಗ ಎಡಕ್ಕ ಹರಿಯೋ ಕರೆಂಟು ಎರಡೂ ಬಲ್ಬಿನ ತಂತಿ ಮ್ಯಾಲೆ ಹಾಯ್ದು ಹೋಗ್ಬೇಕು, ವೋಲ್ಟೇಜ್ ಎರಡಕ್ಕೂ ಅರ್ಧರ್ಧ ಹಂಚಿಹೋತು, ಅದಕ್ಕ ಮಿಣಮಿಣ. ಅದನ್ನ ಬಿಡೋದು ಹಿಡಿಯೋದು ಹಸಿರು ಬಟನ್ ಅಷ್ಟ.

ಬಲಕ್ಕ ಹರಿಯೋ ಕರೆಂಟಿಗೆ? ಎರಡೂ ಬಲ್ಬಿನ ಡಯೋಡ್ ಬಾಯಿ ತೆರದು ನಿಂತಾವ. ಹಸಿರು ಬಟನ್‌ದೂ ಬಲಕ್ಕ ಬಿಡತೈತಿ. ತಡೆದು ಹಿಡದಿದ್ದು ಕೆಂಪು ಬಟನ್ ಒಂದ. ಅದನ್ನ ಒತ್ತಿದ ಕೂಡ್ಲೆ ಟ್ರಾನ್ಸ್‌ಫಾರ್ಮರ್‌ನ ಎರಡು ತುದಿ ನಡುವ ಬರೇ ಡಯೋಡ್, ಲೋಡ್ ಇಲ್ಲ. ಪ್ರತಿ ಸುತ್ತಿನ್ಯಾಗ ಅರ್ಧ ಹೊತ್ತು ನೇರ ಶಾರ್ಟ್, ಸೆಕೆಂಡಿಗೆ 50 ಸಲ. ಹುಡುಗನ ಮಾರಿ ಬೆಳ್ಳಗಾಗಿದ್ದು ಸುಮ್ಮನಲ್ಲ.

ಲ್ಯಾಬ್_ಅಕ್ಕ

ಬರೋಬ್ಬರಿ. ಇನ್ನೊಂದು ಸೂಕ್ಷ್ಮ ಐತಿ, ಎಲ್ಲಾ ಸರಿ ಇದ್ರೂ ಒಂದ ಬಲ್ಬ್ ಹತ್ತಿದಾಗ ಕಿವಿ ಇಟ್ಟು ಕೇಳಿದ್ರ ಡಬ್ಬಿ ಸ್ವಲ್ಪ ಗುಂಯ್ ಅಂತೈತಿ. ಆಗ ಟ್ರಾನ್ಸ್‌ಫಾರ್ಮರ್‌ನಿಂದ ಕರೆಂಟು ಒಂದ ಕಡೆಗೆ ಹೋಗತೈತಿ, ಅಂದ್ರ ಡಿಸಿ ಪಾಲು ಬಂತು, ಕೋರ್, ಅಂದ್ರ ಒಳಗಿನ ಕಬ್ಬಿಣ, ಒಂದು ಕಡೆ ವಾಲಿದಂಗ ಆಗಿ ಸ್ಯಾಚುರೇಶನ್ (ಇನ್ನ ಹೆಚ್ಚು ಅಯಸ್ಕಾಂತ ಆಗಲಾರದ ಮಟ್ಟ) ಹತ್ರ ಹೋಗತೈತಿ, ಬಿಸಿ ಜಾಸ್ತಿ ಆಗತೈತಿ. ಎರಡೂ ಹತ್ತಿದ್ರ ಮತ್ತ ಸಮ. ಅದಕ್ಕ ಅಂವ 2 ಆಂಪ್‌ದು ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕ್ಯಾನ, ಬುದ್ಧಿ ಐತಿ.

18 ವೋಲ್ಟಿನ ಲೆಕ್ಕ: ಅರ್ಧ ಸುತ್ತು ಅಷ್ಟ ಸಿಕ್ರ ಆರ್‌ಎಂಎಸ್ (ಬಲ್ಬ್ ಕಾಯಿಸೋ ಲೆಕ್ಕಕ್ಕ ಸಿಗೋ ಖರೇ ವೋಲ್ಟೇಜ್) 0.707 ಪಟ್ಟು, 18ಕ್ಕ 12.7 ಆತು. ದಾರಿಯಾಗ ಒಂದೋ ಎರಡೋ ಡಯೋಡ್ ಸ್ವಲ್ಪ ತಿಂತಾವ, ಬಲ್ಬಿಗೆ 12ರ ಆಸುಪಾಸು. ಸಾದಾ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ್ರ ಕೆಲಸ ಮಾಡತೈತಿ, ಆದ್ರ ಬೆಳಕು ಅರ್ಧ ಅಲ್ಲ, ಮೂರನೇ ಒಂದು ಭಾಗಕ್ಕಿಂತ ಕಡಿಮಿ ಬರತೈತಿ. ತಂತಿ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದ್ರ ಬೆಳಕು ಭಾಳ ಇಳಿತೈತಿ.

ವೈರಿಂಗ್_ಮಾಮಾ

ಅರ್ಧ ಸುತ್ತು ಕಡಿಯೋ ಆಟ ನಮಗ ಹೊಸದಲ್ಲ ನೋಡ್ರಿ, ಸೋಲ್ಡರಿಂಗ್ ಐರನ್‌ಗೆ ಸ್ಟ್ಯಾಂಡ್ ಮ್ಯಾಲೆ ಇಟ್ಟಾಗ ಬಿಟ್ ಸುಡಬಾರದು ಅಂತ ಒಂದು ಡಯೋಡ್ ಸೀರೀಸ್‌ನ್ಯಾಗ ಹಾಕಿ, ಅದಕ್ಕ ಅಡ್ಡ ಬಟನ್ ಕೊಡತಿದ್ವಿ. ಬಟನ್ ತೆಗೆದ್ರ ಅರ್ಧ ಬಿಸಿ, ಹಾಕಿದ್ರ ಪೂರ್ತಿ. ಈ ಹುಡುಗನ ಬಟನ್ ಅದ ಬಟನ್! ಕೈಯಾಗ ಇದ್ದದ್ದ ಹೊಳೀಲಿಲ್ಲ ನೋಡು.

ಒಂದು ಮಾತು ಕೈ ಮುಗಿದು ಹೇಳತೀನಿ, ಯಾರೂ ಇದನ್ನ ಮನಿ 230ಕ್ಕ ಝೀರೊ ಬಲ್ಬ್ ಹಾಕಿ ಮಾಡಾಕ ಹೋಗಬ್ಯಾಡ್ರಿ. ಬಟನ್ ಬಂದ್ ಐತಿ ಅಂತ ಹೋಲ್ಡರ್‌ನ್ಯಾಗ ಬೆರಳು ಹಾಕಿದ್ರ ಅರ್ಧ ಕರೆಂಟು ಅಲ್ಲೇ ಇರತೈತಿ. ಬಂದ್ ಆಗದ ಬಟನ್ ಇದು. ಮ್ಯಾಲಿಂದ ಬರಿ ತಂತಿ.

ಕಬ್ಬಿನಗದ್ದಿ

ಮಗಳ ಸಾಲಿಗೆ ಇದನ್ನ ಮಾಡಿ ಕೊಡಬೇಕಂತ ಮಾಡೀನಿ. ತಂತಿ ಬಲ್ಬ್ 12 ವೋಲ್ಟಿಂದು ಮುಧೋಳದಾಗ ಸಿಗವಲ್ದು, ಎಲ್‌ಇಡಿ ಬಲ್ಬ್ ನಡೀತೈತೇನು? ಮತ್ತ ಮೂರು ಬಲ್ಬ್ ಮೂರು ಬಟನ್ ಮಾಡಬಹುದೇನು, ಇನ್ನೂ ಮಜಾ ಬರತೈತಿ.

ತುಂಗಾತೀರ

ಅಂಗಡಿಯ ಎಲ್‌ಇಡಿ ಬಲ್ಬ್ ಬೇಡ, ಒಳಗೆ ಡ್ರೈವರ್, ಕೆಪಾಸಿಟರ್ ಎಲ್ಲಾ ಇರುತ್ತೆ, ಲೆಕ್ಕ ಕೆಡುತ್ತೆ. ಬಿಡಿ ಎಲ್‌ಇಡಿ ಆದ್ರೆ ಚೆನ್ನಾಗಿ ನಡೆಯುತ್ತೆ, ಕೆಂಪು ಎಲ್‌ಇಡಿಗೆ ಅಡ್ಡ ಉಲ್ಟಾ ಒಂದು ಡಯೋಡ್, ಹಸಿರಿಗೆ ಅಡ್ಡ ಒಂದು, ಇಡೀ ಸರ್ಕೀಟಿಗೆ ಒಂದೇ ರೆಸಿಸ್ಟರ್. 9 ವೋಲ್ಟ್ ಎಸಿಗೆ 1 ಕಿಲೊಓಮ್ ಸಾಕು. ರೆಸಿಸ್ಟರ್ ಇರೋದ್ರಿಂದ ಉಲ್ಟಾ ಹಾಕಿದ್ರೂ ಶಾರ್ಟ್ ಭಯ ಇಲ್ಲ, ಮಕ್ಕಳಿಗೆ ಇದೇ ಒಳ್ಳೇದು. ಆದ್ರೆ ನೋಡೋರಿಗೆ ಎಲ್‌ಇಡಿ ಅಂದ ಕೂಡ್ಲೇ ಅನುಮಾನ ಬರುತ್ತೆ, ಹಳೇ ತಂತಿ ಬಲ್ಬಿನ ಮುಗ್ಧ ಮುಖ ಅದಕ್ಕಿಲ್ಲ.

ಮೂರು ಆಗಲ್ಲ. ಒಂದು ತಂತಿಯ ಮೇಲೆ ಕರೆಂಟಿಗೆ ಇರೋದು ಎರಡೇ ದಿಕ್ಕು. ಮೂರನೇದು ಬೇಕಂದ್ರೆ ದಿಕ್ಕಿನ ಬದಲು ಫ್ರೀಕ್ವೆನ್ಸಿಯಿಂದ ಬೇರೆ ಮಾಡಬೇಕು, ಕಾಯಿಲ್ ಕೆಪಾಸಿಟರ್ ಅಂತ ದೊಡ್ಡ ಸಂಸಾರ. ತಂತಿ ಹೆಚ್ಚು ಮಾಡಿದ್ರೆ ಮಾತ್ರ ಇದೇ ದಿಕ್ಕಿನ ಉಪಾಯ ತುಂಬ ದೂರ ಹೋಗುತ್ತೆ, ಮೂರು ತಂತಿಗೆ ಆರು ಎಲ್‌ಇಡಿ, ನಾಲ್ಕಕ್ಕೆ ಹನ್ನೆರಡು, ಒಂದೊಂದನ್ನೂ ಬೇರೆ ಬೇರೆ ಹತ್ತಿಸಬಹುದು. ಅದಕ್ಕೆ ಚಾರ್ಲಿಪ್ಲೆಕ್ಸಿಂಗ್ ಅಂತಾರೆ, ಮ್ಯಾಕ್ಸಿಮ್ ಕಂಪನಿಯ ಚಾರ್ಲಿ ಆಲೆನ್ 1995ರಲ್ಲಿ ಮುಂದಿಟ್ಟಿದ್ದು.

ವೈರಿಂಗ್_ಮಾಮಾ

ಕಬ್ಬಿನ ಅಣ್ಣಾ, ತಂತಿ ಬಲ್ಬ್ ಬೇಕಂದ್ರ ಗ್ಯಾರೇಜಿಗೆ ಹೋಗು, ಬೈಕಿನ ಹಳೇ ಥರದ ಇಂಡಿಕೇಟರ್ ಬಲ್ಬ್ ಕೇಳು, 12 ವೋಲ್ಟ್ 10 ವ್ಯಾಟ್. ಇದರಾಗ ಇನ್ನೊಂದು ಫಾಯದೆ ಐತಿ. ಅದಕ್ಕ ತಳದಾಗ ಒಂದ ಚುಕ್ಕಿ, ಇನ್ನೊಂದು ಕನೆಕ್ಷನ್ ಮೈ. ಹೋಲ್ಡರ್‌ನ್ಯಾಗ ಹೆಂಗ ತಿರುವಿ ಹಾಕಿದ್ರೂ ಚುಕ್ಕಿ ಚುಕ್ಕಿಗೇ, ಮೈ ಮೈಗೇ. ಉಲ್ಟಾ ಆಗೋ ಮಾತ ಇಲ್ಲ, ನೇಲ್ ಪಾಲಿಶ್ ಬೇಕಿಲ್ಲ. ಹೋಲ್ಡರ್ ಎರಡಕ್ಕೂ ವೈರ್ ಒಂದ ರೀತಿ ಕೊಡು, ಮೊದ್ಲ ಬರೋದು ಮೈಗೆ ಅಂದ್ರ ಎರಡಕ್ಕೂ ಮೈಗೇ.

ಲ್ಯಾಬ್_ಅಕ್ಕ

ಮಾಮಾ, ಇದು ನನಗೂ ಹೊಳದಿರ್ಲಿಲ್ಲ, ಮುಂದಿನ ಸಲ ನಮ್ಮ ಲ್ಯಾಬ್ ಬೋರ್ಡಿಗೂ ಅದನ್ನ ಹಾಕತೀನಿ. 10 ವ್ಯಾಟ್ ಅಂದ್ರ 1ಎನ್4007 ತಡೀತೈತಿ, ಅದು 1 ಆಂಪ್‌ದು, ಆದ್ರ ಸ್ವಲ್ಪ ಬಿಸಿ ಆಗತೈತಿ, ಬಲ್ಬ್ ಬಿಸಿ ಬ್ಯಾರೆ ಕೂಡತೈತಿ. ಜಾಗಾ ಸಿಕ್ರ ಬಟನ್‌ನ್ಯಾಗರೆ 1ಎನ್5408 ಹಾಕ್ರಿ, 3 ಆಂಪ್‌ದು. ಬಲ್ಬಿನ ಟೋಪಿಯಾಗ ಅದು ಹಿಡಿಯಂಗಿಲ್ಲ, ಅಲ್ಲಿ 4007 ಇರಲಿ.

ಕಬ್ಬಿನಗದ್ದಿ

ಆತ್ರಿ ಅಕ್ಕಾರ, ಮಾಮಾ, ಎಲ್ಲಾರಿಗೂ ಶರಣು. ಸೋಮವಾರ ಸಂತಿಗೆ ಹೋದಾಗ ಸಾಮಾನು ತರತೀನಿ. ಫ್ಯೂಸ್ ಒಂದು ಇರಲಿ ಅನಸ್ತೈತಿ, 230 ಕಡೆ ಹಾಕ್ಲೋ ಈ ಕಡೆನೋ?

ವೈರಿಂಗ್_ಮಾಮಾ

ಈ ಕಡೆ, ಟ್ರಾನ್ಸ್‌ಫಾರ್ಮರ್‌ನಿಂದ ಹೊರಟ ಕೂಡ್ಲೆ. 3 ಆಂಪ್ ಗ್ಲಾಸ್ ಫ್ಯೂಸ್, ಸ್ಲೋ ಬ್ಲೋ ಕೇಳಿ ತಗೊ, ಬಲ್ಬ್ ತಣ್ಣಗಿದ್ದಾಗ ಮೊದ್ಲ ಜೋರ ಎಳಿತೈತಿ, ಸಾದಾ ಫ್ಯೂಸ್ ಇದ್ರ ಬಟನ್ ಹಾಕಿದ ಕೂಡ್ಲೆ ಹೋದೀತು. 9-0-9 ನಡುವಿನ ವೈರಿಗೆ ಟೇಪ್ ಸುತ್ತೋದು ಮರಿಬ್ಯಾಡ.